ನಮ್ಮದೇ ಹಳೆಯ ಅರ್ಜಿ ನಮ್ಮ ಹೊಸ ಔಷಧಾಣುವಿಗೆ ಅಡ್ಡ ಬರಬಹುದೇ? ಡಬಲ್ ಪೇಟೆಂಟಿಂಗ್ (ಒಂದೇ ಆವಿಷ್ಕಾರಕ್ಕೆ ಎರಡು ಪೇಟೆಂಟ್) ಆಕ್ಷೇಪಣೆಗಳ ಕುರಿತು ಚರ್ಚೆ

ರಸಾಯನಶಾಸ್ತ್ರಜ್ಞೆ, ಯಲಹಂಕ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಸಣ್ಣ ಔಷಧ ಸಂಶೋಧನಾ ಕಂಪನಿಯಲ್ಲಿ ನಾನು ಕೆಲಸ ಮಾಡುತ್ತಿದ್ದೇನೆ. ಕೈನೇಸ್ ಕಿಣ್ವವನ್ನು ತಡೆಯುವ ಒಂದು ಸಂಯುಕ್ತ ಕುಟುಂಬದ ಮೇಲೆ ನಮ್ಮ ಕಂಪನಿ ಮೊದಲು ಒಂದು ಪೇಟೆಂಟ್ ಅರ್ಜಿ ಹಾಕಿತ್ತು. ಅದರ ಮೊದಲನೆಯ ಕ್ಲೇಮು (ಯಾವುದರ ಮೇಲೆ ಹಕ್ಕು ಬೇಕೆಂದು ಹೇಳುವ ವಾಕ್ಯ) ಮಾರ್ಕುಶ್ ಸೂತ್ರ, ಅಂದರೆ ಒಂದೇ ಮೂಲ ಚೌಕಟ್ಟಿನ ಮೇಲೆ ಹಲವು ಸ್ಥಾನಗಳಲ್ಲಿ ಹಲವು ಗುಂಪುಗಳನ್ನು ಆಯ್ದುಕೊಳ್ಳಬಹುದಾದ ಸಾಮಾನ್ಯ ಸೂತ್ರ. ಹದಿನಾಲ್ಕು ತಿಂಗಳ ನಂತರ, ಮೊದಲ ಅರ್ಜಿ ಇನ್ನೂ ಪ್ರಕಟವಾಗುವ ಮುನ್ನವೇ, ಅದೇ ಕುಟುಂಬದ ಒಂದು ನಿರ್ದಿಷ್ಟ ಸಂಯುಕ್ತಕ್ಕೆ ಎರಡನೆಯ ಅರ್ಜಿ ಹಾಕಿದೆವು. ಈ ಸಂಯುಕ್ತ ಮೊದಲ ಅರ್ಜಿಯ ಉದಾಹರಣೆಗಳಲ್ಲಿ ಎಲ್ಲಿಯೂ ಇಲ್ಲ. ಆದರೆ ಸಾಮಾನ್ಯ ಸೂತ್ರದ ವ್ಯಾಪ್ತಿಯೊಳಗೆ ಬೀಳುತ್ತದೆ. ಮೊದಲನೆಯದಕ್ಕೆ ಈಗಾಗಲೇ ಪೇಟೆಂಟ್ ದೊರೆತಿದೆ.

ಎರಡನೆಯ ಅರ್ಜಿಗೆ ಚೆನ್ನೈ ಪೇಟೆಂಟ್ ಕಚೇರಿಯಿಂದ ಮೊದಲ ಪರೀಕ್ಷಾ ವರದಿ ಬಂದಿದೆ. ನಮ್ಮ ಪೇಟೆಂಟ್ ಕಾಯಿದೆಯ ಸೆಕ್ಷನ್ 13(1)(ಬಿ) ಅಡಿಯಲ್ಲಿ ನಮ್ಮದೇ ಮೊದಲ ಅರ್ಜಿಯ ಒಂದನೆಯ ಕ್ಲೇಮನ್ನು ಎತ್ತಿ ತೋರಿಸಿದ್ದಾರೆ; ಜೊತೆಗೆ 3(ಡಿ) ಆಕ್ಷೇಪಣೆಯೂ ಇದೆ. ಇದೇ ಸಮಯಕ್ಕೆ ಅಮೆರಿಕದ ಅರ್ಜಿಯಲ್ಲಿ ಡಬಲ್ ಪೇಟೆಂಟಿಂಗ್ ತಿರಸ್ಕಾರ ಬಂದಿದ್ದು, ಟರ್ಮಿನಲ್ ಡಿಸ್ಕ್ಲೇಮರ್ ಎಂಬ ಒಂದು ಪತ್ರಕ್ಕೆ ಸಹಿ ಮಾಡಿದರೆ ಅದು ತೀರುತ್ತದೆಂದು ಅಲ್ಲಿಯ ವಕೀಲರು ಬರೆದಿದ್ದಾರೆ. ಇನ್ನೂ ಪ್ರಕಟವಾಗದೇ ಇದ್ದ ನಮ್ಮ ಸ್ವಂತ ಅರ್ಜಿಯೇ ನಮಗೆ ಎದುರಾಗಿ ನಿಲ್ಲುವುದು ಯಾವ ನ್ಯಾಯದಿಂದ? ಅಲ್ಲಿ ಒಂದು ಪತ್ರದಿಂದ ಮುಗಿಯುವ ವಿಷಯ ಇಲ್ಲಿ ಏಕೆ ಮುಗಿಯುವುದಿಲ್ಲ? ತಿಳಿದವರು ದಯವಿಟ್ಟು ವಿವರಿಸಬೇಕು.

ಪೇಟೆಂಟ್ ಏಜೆಂಟ್, ಮಲ್ಲೇಶ್ವರ

ಮೇಡಂ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ದಿನಾಂಕಗಳಲ್ಲಿದೆ. ನಮ್ಮಲ್ಲಿ ಅರ್ಜಿಗಳು ಸಾಮಾನ್ಯವಾಗಿ 18 ತಿಂಗಳ ನಂತರ ಪ್ರಕಟವಾಗುತ್ತವೆ. ನೀವು ಎರಡನೆಯ ಅರ್ಜಿಯನ್ನು ಪ್ರಕಟಣೆಯ ನಂತರ ಹಾಕಿದ್ದರೆ ಮೊದಲನೆಯದು ಎಲ್ಲರಿಗೂ ತಿಳಿದ ದಾಖಲೆಯಾಗಿ, ಹೊಸತನಕ್ಕೂ, ಪರಿಣತನಿಗೆ ಸಹಜವಾಗಿ ಹೊಳೆಯದಂಥ ಹೆಜ್ಜೆ ಎನಿಸುವ ಇನ್ವೆಂಟಿವ್ ಸ್ಟೆಪ್‌ಗೂ ವಿರುದ್ಧವಾಗಿ ನಿಲ್ಲುತ್ತಿತ್ತು. ನೀವು ಅದಕ್ಕಿಂತ ಮೊದಲೇ ಹಾಕಿದ್ದರಿಂದ ಅದನ್ನು ಇನ್ವೆಂಟಿವ್ ಸ್ಟೆಪ್ ವಿಷಯದಲ್ಲಿ ನಿಮ್ಮ ವಿರುದ್ಧ ಬಳಸಲಾಗುವುದಿಲ್ಲ. ಆದರೆ 13(1)(ಬಿ) ಬೇರೆಯದೇ ಪ್ರಶ್ನೆ ಕೇಳುತ್ತದೆ: ನಿಮ್ಮ ಕ್ಲೇಮಿನಲ್ಲಿರುವ ಆವಿಷ್ಕಾರವನ್ನು, ನಿಮಗಿಂತ ಹಿಂದಿನ ಆದ್ಯತಾ ದಿನಾಂಕವುಳ್ಳ (ಮೊದಲ ಬಾರಿ ಅರ್ಜಿ ಹಾಕಿದ ದಿನವುಳ್ಳ) ಮತ್ತು ನಿಮ್ಮ ಅರ್ಜಿಯ ದಿನ ಅಥವಾ ಅದರ ನಂತರ ಪ್ರಕಟವಾದ ಬೇರೊಂದು ಸಂಪೂರ್ಣ ವಿವರಣಾಪತ್ರದ (ಅರ್ಜಿಯೊಂದಿಗೆ ಆವಿಷ್ಕಾರವನ್ನು ಪೂರ್ತಿ ವಿವರಿಸುವ ದಾಖಲೆಯ) ಯಾವುದಾದರೂ ಕ್ಲೇಮಿನಲ್ಲಿ ಆಗಲೇ ಕೇಳಲಾಗಿದೆಯೇ? ಆ ಬೇರೊಂದು ವಿವರಣಾಪತ್ರ ಯಾರದು ಎಂಬುದನ್ನು ಕಾಯಿದೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪರರದ್ದಾದರೂ ಸರಿ, ನಿಮ್ಮದೇ ಆದರೂ ಸರಿ.

ನಮ್ಮ ಕಾಯಿದೆಯಲ್ಲಿ ಡಬಲ್ ಪೇಟೆಂಟಿಂಗ್ ಎಂಬ ಶೀರ್ಷಿಕೆಯ ಸೆಕ್ಷನ್ ಇಲ್ಲ. ಆದರೂ ಆ ವಿಚಾರ ಹಲವು ಕಡೆ ಹರಡಿಕೊಂಡಿದೆ. ಒಂದು ಪೇಟೆಂಟನ್ನು ಒಂದೇ ಆವಿಷ್ಕಾರಕ್ಕೆ ಕೊಡಬೇಕೆಂದು 46(2) ಹೇಳುತ್ತದೆ. ಪರೀಕ್ಷೆಯಲ್ಲಿ 13(1)(ಬಿ), ವಿರೋಧ ಅರ್ಜಿಯಲ್ಲಿ 25(1)(ಸಿ), ಪೇಟೆಂಟ್ ರದ್ದತಿಯಲ್ಲಿ 64(1)(ಎ), ಈ ಮೂರೂ ಒಂದೇ ಎಳೆಯವು.

3(ಡಿ) ಆಕ್ಷೇಪಣೆ ನಿಮ್ಮ ಪ್ರಕರಣದಲ್ಲಿ ಅಷ್ಟು ಗಟ್ಟಿಯಾಗಿಲ್ಲ. ಆ ಸೆಕ್ಷನ್ ಮಾತನಾಡುವುದು ತಿಳಿದಿರುವ ವಸ್ತುವಿನ ಹೊಸ ರೂಪದ ಬಗ್ಗೆ. ನಿಮ್ಮ ಎರಡನೆಯ ಅರ್ಜಿಯ ದಿನ ಮೊದಲನೆಯದು ಪ್ರಕಟವಾಗಿಯೇ ಇರಲಿಲ್ಲವಾದ್ದರಿಂದ, ತಿಳಿದಿದ್ದ ವಸ್ತು ಯಾವುದೆಂದು ಪರೀಕ್ಷಕರು ಮೊದಲು ಗುರುತಿಸಿ ಹೇಳಬೇಕಾಗುತ್ತದೆ. ಉತ್ತರದಲ್ಲಿ ಇದನ್ನು ಒಂದು ಪ್ಯಾರಾದಲ್ಲಿ ಹೇಳಿ, ಉಳಿದ ಶ್ರಮವನ್ನೆಲ್ಲ 13(1)(ಬಿ) ಮೇಲೆ ಇಡಿ.

ಅಮೆರಿಕದ ಅರ್ಜಿಗಳ ಕೆಲಸ ಮಾಡುವವನು, ವೈಟ್‌ಫೀಲ್ಡ್

ಎರಡನೆಯ ಪ್ರಶ್ನೆಗೆ ನಾನು ಉತ್ತರಿಸಲು ಪ್ರಯತ್ನಿಸುತ್ತೇನೆ, ಏಕೆಂದರೆ ಈ ಊರಿನಲ್ಲಿ ಕುಳಿತು ಅಮೆರಿಕದ ಪೇಟೆಂಟ್ ಕಚೇರಿಯ ಆಕ್ಷೇಪಣಾ ಪತ್ರಗಳಾದ ಆಫೀಸ್ ಆಕ್ಷನ್‌ಗಳಿಗೆ ಉತ್ತರ ಸಿದ್ಧಪಡಿಸುವ ನೂರಾರು ಮಂದಿಯಲ್ಲಿ ನಾನೂ ಒಬ್ಬ.

ಅಲ್ಲಿ ಎರಡು ಬಗೆಯ ತಿರಸ್ಕಾರಗಳಿವೆ. ಎರಡು ಅರ್ಜಿಗಳು ಅಕ್ಷರಶಃ ಒಂದೇ ಆವಿಷ್ಕಾರವನ್ನು ಕೇಳಿದರೆ ಅದು ಕಾಯಿದೆಯ 101ನೆಯ ಸೆಕ್ಷನ್ನಿನಿಂದ ಹುಟ್ಟುವ ತಿರಸ್ಕಾರ. ಅದಕ್ಕೆ ಟರ್ಮಿನಲ್ ಡಿಸ್ಕ್ಲೇಮರ್ ಮದ್ದಲ್ಲ, ಕ್ಲೇಮನ್ನು ಬದಲಿಸಬೇಕು ಅಥವಾ ಬಿಡಬೇಕು. ಎರಡನೆಯ ಅರ್ಜಿಯ ಕ್ಲೇಮು ಮೊದಲನೆಯದರ ಕ್ಲೇಮಿನಿಂದ ಸಹಜವಾಗಿ ಊಹಿಸಬಹುದಾದ ರೂಪಾಂತರವಾಗಿದ್ದರೆ, ನ್ಯಾಯಾಲಯಗಳು ರೂಪಿಸಿದ ಇನ್ನೊಂದು ಬಗೆಯ ತಿರಸ್ಕಾರ ಬರುತ್ತದೆ. ಮೇಡಂ ಅವರಿಗೆ ಬಂದಿರುವುದು ಇದೇ. ಒಂದೇ ಒಡೆತನದ ಹಿಂದಿನ ಅರ್ಜಿಯನ್ನು, ಅದು ಆಗ ಪ್ರಕಟವಾಗಿರದಿದ್ದರೆ, ಅಲ್ಲಿ ಸಾಮಾನ್ಯ ಪೂರ್ವಜ್ಞಾನವಾಗಿ (ಮೊದಲೇ ತಿಳಿದಿದ್ದ ದಾಖಲೆಯಾಗಿ) ಬಳಸದಂತೆ ವಿನಾಯಿತಿಯಿದೆ. ಆ ವಿನಾಯಿತಿಯಿಂದ ಬಿಟ್ಟುಹೋಗುವ ಜಾಗವನ್ನು ತುಂಬುವುದು ಈ ಡಬಲ್ ಪೇಟೆಂಟಿಂಗ್ ಸಿದ್ಧಾಂತ.

ಟರ್ಮಿನಲ್ ಡಿಸ್ಕ್ಲೇಮರ್ ಎಂದರೆ ಎರಡು ಮಾತು ಕೊಡುವುದು: ಎರಡನೆಯ ಪೇಟೆಂಟ್ ಮೊದಲನೆಯದರ ಅವಧಿಯನ್ನು ಮೀರಿ ಉಳಿಯುವುದಿಲ್ಲ, ಮತ್ತು ಎರಡೂ ಒಂದೇ ಒಡೆತನದಲ್ಲಿರುವವರೆಗೆ ಮಾತ್ರ ಅದನ್ನು ಜಾರಿಗೊಳಿಸಬಹುದು. ಎರಡನೆಯ ಷರತ್ತನ್ನು ಬಹಳ ಜನ ಗಮನಿಸುವುದಿಲ್ಲ. ನಾಳೆ ನಿಮ್ಮ ಕಂಪನಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬೇರೆಯವರಿಗೆ ಮಾರಿದರೆ ಎರಡನೆಯದನ್ನು ಜಾರಿಗೊಳಿಸುವ ಹಕ್ಕು ಇಲ್ಲವಾಗುತ್ತದೆ. ಪರವಾನಗಿ ಮಾತುಕತೆಯ ಮೇಜಿಗೆ ಹೋಗುವ ಮುನ್ನ ಇದು ನಿಮ್ಮ ಆಡಳಿತ ಮಂಡಳಿಗೆ ತಿಳಿದಿರಬೇಕು.

ಈ ಸಿದ್ಧಾಂತದ ಬೇರು ಹಳೆಯದು. ಅಮೆರಿಕದಲ್ಲಿ ಹಿಂದೆ ಪೇಟೆಂಟಿನ ಅವಧಿ ಮಂಜೂರಾದ ದಿನದಿಂದ 17 ವರ್ಷ ಇತ್ತು. ಹಾಗಾಗಿ ಒಂದರ ಹಿಂದೊಂದು ಅರ್ಜಿ ಹಾಕುತ್ತ, ನಿಧಾನವಾಗಿ ಮಂಜೂರು ಮಾಡಿಸಿಕೊಳ್ಳುತ್ತ ಹೋದರೆ ಒಂದೇ ಆವಿಷ್ಕಾರದ ಮೇಲೆ ದಶಕಗಳ ಹಿಡಿತ ಸಾಧ್ಯವಿತ್ತು. 1995ರ ಜೂನ್ 8ರಿಂದ ಸಲ್ಲಿಸಿದ ಅರ್ಜಿಗಳಿಗೆ ಅವಧಿಯನ್ನು ಮೂಲ ಅರ್ಜಿಯ ದಿನದಿಂದ 20 ವರ್ಷ ಎಂದು ಮಾಡಿದ ಮೇಲೆ ಈ ಸಮಸ್ಯೆ ಮುಗಿಯಿತೆಂದು ಹಲವರು ಭಾವಿಸಿದ್ದರು. ಮುಗಿಯಲಿಲ್ಲ. ಪೇಟೆಂಟ್ ಕಚೇರಿಯ ವಿಳಂಬಕ್ಕೆ ಪರಿಹಾರವಾಗಿ ಅಲ್ಲಿ ಅವಧಿಗೆ ದಿನಗಳನ್ನು ಸೇರಿಸಿಕೊಡುತ್ತಾರೆ. ಒಂದೇ ಪೇಟೆಂಟ್ ಕುಟುಂಬದ (ಒಂದೇ ಮೂಲ ಅರ್ಜಿಯಿಂದ ಬಂದ) ಎರಡು ಪೇಟೆಂಟುಗಳು ಬೇರೆ ಬೇರೆ ದಿನ ಮುಗಿಯುವುದು ಇದರಿಂದಲೇ. 2023ರ ಆಗಸ್ಟ್‌ನಲ್ಲಿ ಪೇಟೆಂಟ್ ಮೇಲ್ಮನವಿಗಳನ್ನು ಕೇಳುವ ಅಲ್ಲಿಯ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯ ಸೆಲೆಕ್ಟ್ ಕಂಪನಿಯ ಪ್ರಕರಣದಲ್ಲಿ, ಸೇರಿಸಿದ ದಿನಗಳ ನಂತರದ ಮುಕ್ತಾಯ ದಿನವನ್ನೇ ಡಬಲ್ ಪೇಟೆಂಟಿಂಗ್ ಲೆಕ್ಕಕ್ಕೆ ಹಿಡಿಯಬೇಕೆಂದು ಹೇಳಿತು. ಅದು ಔಷಧದ ಪ್ರಕರಣವಲ್ಲ, ಚಿತ್ರ ಸಂವೇದಕಗಳದು. ಆದರೆ ನಡುಕ ಹುಟ್ಟಿದ್ದು ಔಷಧ ಕಂಪನಿಗಳಲ್ಲಿ. ಮರುವರ್ಷ, 2024ರ ಆಗಸ್ಟ್‌ನಲ್ಲಿ, ಎಲಕ್ಸಡೋಲಿನ್ ಎಂಬ ಔಷಧದ ಕುರಿತು ಅಲರ್ಗನ್ ಮತ್ತು ಹೈದರಾಬಾದಿನ ಎಂಎಸ್‌ಎನ್ ಲ್ಯಾಬೊರೇಟರೀಸ್ ನಡುವಿನ ಪ್ರಕರಣದಲ್ಲಿ ಅದೇ ನ್ಯಾಯಾಲಯ ಒಂದು ಗಡಿ ಹಾಕಿತು: ಕುಟುಂಬದಲ್ಲಿ ಮೊದಲು ಸಲ್ಲಿಸಿ ಮೊದಲು ಮಂಜೂರಾದ ಕ್ಲೇಮನ್ನು, ಅದೇ ಆದ್ಯತಾ ದಿನಾಂಕ ಹೊಂದಿ ನಂತರ ಸಲ್ಲಿಸಿ ನಂತರ ಮಂಜೂರಾಗಿ ಬೇಗ ಮುಗಿಯುವ ಕ್ಲೇಮಿನಿಂದ ಕೆಡವಲಾಗದು.

ಅದಕ್ಕೂ ಮುಂಚೆ, 2014ರಲ್ಲಿ, ಒಸೆಲ್ಟಾಮಿವಿರ್ ಎಂಬ ಫ್ಲೂ ಔಷಧದ ಪ್ರಕರಣದಲ್ಲಿ ಗಿಲಿಯಡ್ ಕಂಪನಿಯ ವಿರುದ್ಧ ಹೈದರಾಬಾದಿನ ನ್ಯಾಟ್ಕೋ ಕಂಪನಿ ಇದೇ ನ್ಯಾಯಾಲಯದಲ್ಲಿ ಒಂದು ದೊಡ್ಡ ತತ್ವವನ್ನು ಗೆದ್ದುಕೊಂಡಿತ್ತು. ಯಾವ ಪೇಟೆಂಟ್ ಮೊದಲು ಮಂಜೂರಾಯಿತು ಎಂಬುದು ಮುಖ್ಯವಲ್ಲ, ಯಾವುದು ಮೊದಲು ಮುಗಿಯುತ್ತದೆ ಎಂಬುದು ಮುಖ್ಯ. ಮೊದಲನೆಯದು ಮುಗಿದ ದಿನ ಆ ಆವಿಷ್ಕಾರವನ್ನೂ ಅದರ ಸಹಜ ರೂಪಾಂತರಗಳನ್ನೂ ಬಳಸುವ ಹಕ್ಕು ಸಾರ್ವಜನಿಕರಿಗೆ ಸೇರಬೇಕು. ಈ ವಾಕ್ಯವನ್ನು ನಾನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ. ಇಡೀ ಸಿದ್ಧಾಂತದ ಜೀವ ಇರುವುದು ಇದರಲ್ಲೇ, ಉಳಿದದ್ದೆಲ್ಲ ಲೆಕ್ಕಾಚಾರ.

ನಿವೃತ್ತ ಪ್ರಾಧ್ಯಾಪಕ, ಔಷಧ ರಸಾಯನ, ಬಸವನಗುಡಿ

ಕಾನೂನಿನ ಸೆಕ್ಷನ್‌ಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ. ಆದರೆ ಸಾಮಾನ್ಯ ಸೂತ್ರದೊಳಗೆ ಬಿದ್ದ ಮಾತ್ರಕ್ಕೆ ಸಂಯುಕ್ತವನ್ನು ಕೇಳಿಯಾಗಿದೆ ಎನ್ನುವ ಮಾತನ್ನು ರಸಾಯನದ ಕಡೆಯಿಂದ ಸುಲಭವಾಗಿ ಒಪ್ಪಲಾರೆ. ಐದು ಸ್ಥಾನಗಳು, ಪ್ರತಿ ಸ್ಥಾನಕ್ಕೆ ಮೂವತ್ತು ಆಯ್ಕೆಗಳು ಎಂದರೆ ಎರಡು ಕೋಟಿಗೂ ಮೀರಿದ ಸಂಯುಕ್ತಗಳು. ಅವುಗಳಲ್ಲಿ ಯಾವುದು ಹೃದಯದ ಪೊಟ್ಯಾಸಿಯಂ ವಾಹಿನಿಯನ್ನು ತಡೆದು ಅಪಾಯ ತರುತ್ತದೆ, ಯಾವುದು ಯಕೃತ್ತಿನಲ್ಲಿ ಗಂಟೆಯೊಳಗೆ ಒಡೆದುಹೋಗುತ್ತದೆ, ಯಾವುದು ನೀರಿನಲ್ಲಿ ಕರಗುವುದೇ ಇಲ್ಲ ಎಂಬುದನ್ನು ಕಾಗದದ ಮೇಲಿನ ಸೂತ್ರ ಹೇಳುವುದಿಲ್ಲ. ಒಂದು ಹೈಡ್ರೋಜನ್ ಇದ್ದಲ್ಲಿ ಫ್ಲೋರಿನ್ ಇಟ್ಟಾಗ ಸಂಯುಕ್ತದ ಆಯುಷ್ಯ ಬದಲಾಗುತ್ತದೆ, ಕೆಲವೊಮ್ಮೆ ಗುಣವೇ ತಲೆಕೆಳಗಾಗುತ್ತದೆ. ಅದನ್ನು ಕಂಡುಕೊಳ್ಳುವುದು ವರ್ಷಗಳ ಕೆಲಸ.

ಅಮೆರಿಕದ ನ್ಯಾಯಾಲಯಗಳೂ ಇದನ್ನು ಗುರುತಿಸಿವೆ. ಅರಿಪಿಪ್ರಜೋಲ್ ಎಂಬ ಮಾನಸಿಕ ರೋಗದ ಔಷಧದ ಪ್ರಕರಣದಲ್ಲಿ, 2012ರಲ್ಲಿ, ಹಿಂದಿನ ಕ್ಲೇಮಿನ ಸಂಯುಕ್ತವನ್ನು ಈ ನಿರ್ದಿಷ್ಟ ರೀತಿಯಲ್ಲಿ ಬದಲಿಸಲು ಪರಿಣತನಿಗೆ ಕಾರಣವೇನಿತ್ತು ಎಂದು ತೋರಿಸದೆ ಡಬಲ್ ಪೇಟೆಂಟಿಂಗ್ ಸಾಬೀತಾಗದೆಂದು ಹೇಳಲಾಯಿತು. ನಮ್ಮಲ್ಲಿಯೂ ಎಲ್ಟ್ರೊಂಬೊಪ್ಯಾಗ್ ಓಲಮೈನ್ ಎಂಬ ಔಷಧದ ವಿಷಯದಲ್ಲಿ ದೆಹಲಿ ಹೈಕೋರ್ಟ್ 2021ರ ಡಿಸೆಂಬರ್‌ನಲ್ಲಿ, ಹಿಂದಿನ ಪೇಟೆಂಟಿನ ವ್ಯಾಪ್ತಿಗೆ ಬರುವುದೂ ಅದರಲ್ಲಿ ಬಹಿರಂಗವಾಗಿರುವುದೂ ಒಂದೇ ಅಲ್ಲವೆಂದು ಕಂಡು ನೊವಾರ್ಟಿಸ್ ಪರವಾಗಿ ತಡೆಯಾಜ್ಞೆ ಕೊಟ್ಟಿತು. ಆದ್ದರಿಂದ ರಸಾಯನಶಾಸ್ತ್ರಜ್ಞೆಯವರು ಎದೆಗುಂದಬೇಕಾಗಿಲ್ಲ.

ಔಷಧದ ಅಂಗಡಿಯವನು, ರಾಜಾಜಿನಗರ

ನಾನು ಡಿ.ಫಾರ್ಮ್ ಓದಿದವನು, ಪೇಟೆಂಟಿನ ಒಳಗುಟ್ಟು ತಿಳಿಯದು. ಆದರೂ ಒಂದು ಮಾತು ಸೇರಿಸಲು ಅವಕಾಶ ಕೊಡಿ. ಸಕ್ಕರೆ ಕಾಯಿಲೆಯ ಡಪಾಗ್ಲಿಫ್ಲೋಜಿನ್ ಮಾತ್ರೆ ಬಹುಕಾಲ ಒಂದೇ ಮೂಲದಿಂದ ಬರುತ್ತಿತ್ತು. ಆಮೇಲೆ ಹಲವು ಕಂಪನಿಗಳ ಮಾತ್ರೆಗಳು ಕಪಾಟಿಗೆ ಬಂದವು, ಬೆಲೆ ಇಳಿಯಿತು. ಅರ್ಧ ತಿಂಗಳಿಗಷ್ಟೇ ಕೊಳ್ಳುತ್ತಿದ್ದ ಹಿರಿಯರು ಪೂರ್ತಿ ತಿಂಗಳಿಗೆ ಕೊಳ್ಳತೊಡಗಿದರು. ನೀವು ಇಲ್ಲಿ ಚರ್ಚಿಸುತ್ತಿರುವ ಮೊದಲನೆಯ ಪೇಟೆಂಟ್, ಎರಡನೆಯ ಪೇಟೆಂಟ್ ಎಂಬ ವಿಷಯಕ್ಕೂ ಅದಕ್ಕೂ ಸಂಬಂಧವಿದೆಯೆಂದು ಕೇಳಿದ್ದೇನೆ. ತಿಳಿದವರು ಬಿಡಿಸಿ ಹೇಳಿದರೆ ಉಪಕಾರ.

ಪೇಟೆಂಟ್ ಏಜೆಂಟ್, ಮಲ್ಲೇಶ್ವರ

ಸಂಬಂಧ ಇದೆ ಸರ್, ನೇರವಾಗಿಯೇ ಇದೆ. ಡಪಾಗ್ಲಿಫ್ಲೋಜಿನ್ ಮೇಲೆ ಅಸ್ಟ್ರಾಜೆನೆಕಾ ಬಳಿ ಎರಡು ಭಾರತೀಯ ಪೇಟೆಂಟುಗಳಿದ್ದವು. 205147 ಎಂಬುದು ಸಾಮಾನ್ಯ ಸೂತ್ರದ್ದು, ಅದರ ಅವಧಿ 2020ರ ಅಕ್ಟೋಬರ್ 2ಕ್ಕೆ ಮುಗಿಯಿತು. 235625 ಎಂಬುದು ನಿರ್ದಿಷ್ಟವಾಗಿ ಡಪಾಗ್ಲಿಫ್ಲೋಜಿನ್ ಸಂಯುಕ್ತದ್ದು, ಅದು 2023ರ ಮೇ ತಿಂಗಳವರೆಗೆ ಇರಬೇಕಿತ್ತು. ಮೊದಲನೆಯದು ಮುಗಿಯುತ್ತಲೇ ಇಂಟಾಸ್ ಮೊದಲಾದ ಕಂಪನಿಗಳು ಮಾರುಕಟ್ಟೆಗೆ ಬಂದಾಗ ಅಸ್ಟ್ರಾಜೆನೆಕಾ ತಡೆಯಾಜ್ಞೆ ಕೇಳಿತು. ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠಗಳು ಕೊಡಲಿಲ್ಲ. 2021ರ ಜುಲೈ 20ರಂದು ವಿಭಾಗೀಯ ಪೀಠವೂ ಕೊಡಲಿಲ್ಲ. ಕಾರಣ ಬಹಳ ಸರಳ: ಒಂದೇ ಮಾತ್ರೆಯನ್ನು ತೋರಿಸಿ, ಇದು ನಮ್ಮ ಎರಡೂ ಪೇಟೆಂಟುಗಳನ್ನು ಉಲ್ಲಂಘಿಸುತ್ತದೆ ಎಂದು ದಾವೆಯಲ್ಲಿ ಬರೆದುಕೊಂಡಿದ್ದವರು ಅಸ್ಟ್ರಾಜೆನೆಕಾ ಅವರೇ. ಒಂದು ಆವಿಷ್ಕಾರಕ್ಕೆ ಒಂದೇ ಪೇಟೆಂಟ್ ಇರಲು ಸಾಧ್ಯ ಎಂದು ಪೀಠ ಹೇಳಿತು.

ಇಡೀ ಬಡಾವಣೆಯನ್ನು ಇಪ್ಪತ್ತು ವರ್ಷದ ಗುತ್ತಿಗೆಗೆ ಪಡೆದು, ಆ ಅವಧಿಯಲ್ಲಿ ಯಾರೂ ಒಳಗೆ ಕಾಲಿಡದಂತೆ ಬೇಲಿ ಕಾದವರು, ಗುತ್ತಿಗೆ ಮುಗಿಯುವ ಹೊತ್ತಿಗೆ ಅದರೊಳಗಿನ ಒಂದು ಮೂಲೆ ನಿವೇಶನಕ್ಕೆ ನನಗೆ ಬೇರೆ ಗುತ್ತಿಗೆಪತ್ರ ಇದೆ ಎಂದರೆ ಹೇಗೋ ಹಾಗೆ. ಪ್ರಾಧ್ಯಾಪಕರ ಮಾತನ್ನು ನಾನು ಗೌರವಿಸುತ್ತೇನೆ. ಎರಡು ಕೋಟಿ ಸಂಯುಕ್ತಗಳಲ್ಲಿ ಒಂದನ್ನು ಹುಡುಕುವುದು ದೊಡ್ಡ ಕೆಲಸ. ಆದರೆ ಆ ಎರಡು ಕೋಟಿಯನ್ನೂ ಕ್ಲೇಮಿನಲ್ಲಿ ಬರೆದವರು ಯಾರು? ಅಷ್ಟು ವಿಶಾಲವಾಗಿ ಕೇಳಿ ಮಂಜೂರು ಮಾಡಿಸಿಕೊಂಡು ಪರರನ್ನು ಹೊರಗಿಟ್ಟ ಮೇಲೆ, ಒಳಗೆ ಏನಿತ್ತೆಂದು ನಮಗೇ ಗೊತ್ತಿರಲಿಲ್ಲ ಎಂದು ಹೇಳುವುದನ್ನು ನ್ಯಾಯಾಲಯ ಹೇಗೆ ಒಪ್ಪೀತು? 2013ರ ಏಪ್ರಿಲ್ 1ರಂದು ಇಮ್ಯಾಟಿನಿಬ್ ಮೆಸಿಲೇಟ್ ಎಂಬ ಕ್ಯಾನ್ಸರ್ ಔಷಧದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಪೇಟೆಂಟಿನ ವ್ಯಾಪ್ತಿ ಒಂದು, ಬಹಿರಂಗಪಡಿಸಿದ್ದು ಇನ್ನೊಂದು ಎಂಬ ದೊಡ್ಡ ಕಂದಕವನ್ನು ನಮ್ಮ ಕಾನೂನು ಒಪ್ಪುವುದಿಲ್ಲ.

ಹೀಗೆ ಎರಡು ದಿಕ್ಕಿನ ತೀರ್ಪುಗಳು ಇವೆ. ಯಾವುದು ನಿಮ್ಮ ಪ್ರಕರಣಕ್ಕೆ ಅನ್ವಯ ಎಂಬುದು ನಿಮ್ಮ ಮೊದಲ ವಿವರಣಾಪತ್ರದ ಒಡಲನ್ನು ಅವಲಂಬಿಸಿದೆ. ಅದರಲ್ಲಿ, ನಿಮ್ಮ ಸಂಯುಕ್ತದ ಬದಲಾದ ಸ್ಥಾನಕ್ಕೆ ಫ್ಲೋರಿನ್‌ನಂಥ ನಿರ್ದಿಷ್ಟ ಗುಂಪೊಂದು ಮೆಚ್ಚಿನ ಆಯ್ಕೆ ಎಂದು ಬರೆದಿದ್ದೀರಾ? ಹತ್ತಿರದ ಉದಾಹರಣೆ ಯಾವುದು? ಒಂದು ಬದಲಾವಣೆಯಷ್ಟೇ ದೂರವೋ, ನಾಲ್ಕು ಬದಲಾವಣೆಗಳ ದೂರವೋ?

ರಸಾಯನಶಾಸ್ತ್ರಜ್ಞೆ, ಯಲಹಂಕ

ಸರ್, ಹತ್ತಿರದ ಉದಾಹರಣೆಯಿಂದ ಎರಡು ಬದಲಾವಣೆಗಳ ದೂರ. ಒಂದು ಸ್ಥಾನದಲ್ಲಿ ಹ್ಯಾಲೋಜನ್ (ಫ್ಲೋರಿನ್, ಕ್ಲೋರಿನ್ ಮುಂತಾದವುಗಳ ಗುಂಪು) ಎಂದು ಸಾಮಾನ್ಯವಾಗಿ ಬರೆದಿದೆ. ಇನ್ನೊಂದು ಸ್ಥಾನದಲ್ಲಿ ನಾವು ಇಟ್ಟಿರುವ ಉಂಗುರ ದೀರ್ಘ ಪಟ್ಟಿಯ ನಡುವೆ ಒಮ್ಮೆ ಬರುತ್ತದೆ, ಯಾವ ಉದಾಹರಣೆಯಲ್ಲೂ ಇಲ್ಲ. ಇಲಿಗಳಲ್ಲಿ ಔಷಧ ರಕ್ತದಲ್ಲಿ ಉಳಿಯುವ ಅವಧಿಯ ಹೋಲಿಕೆ ನಮ್ಮ ಬಳಿ ಇದೆ, ಅದು ಎರಡನೆಯ ವಿವರಣಾಪತ್ರದಲ್ಲೇ ಸೇರಿದೆ.

ಕಾನೂನು ವಿದ್ಯಾರ್ಥಿನಿ, ನಾಗರಭಾವಿ

ಈ ಚರ್ಚೆಯಲ್ಲಿ ಇನ್ನೂ ಬಾರದ ಕೆಲವು ಸೆಕ್ಷನ್‌ಗಳನ್ನು ಸೇರಿಸಲು ಬಯಸುತ್ತೇನೆ.

ವಿಭಜಿತ ಅರ್ಜಿಗಳ (ಒಂದು ಮೂಲ ಅರ್ಜಿಯಿಂದ ಬೇರ್ಪಡಿಸಿ ಹಾಕುವ ಅರ್ಜಿಗಳ) ವಿಷಯದಲ್ಲಿ ನಮ್ಮ ಕಾಯಿದೆ ಡಬಲ್ ಪೇಟೆಂಟಿಂಗನ್ನು ನೇರವಾಗಿಯೇ ತಡೆಯುತ್ತದೆ. ಮೂಲ ಅರ್ಜಿ ಮತ್ತು ವಿಭಜಿತ ಅರ್ಜಿ ಎರಡರಲ್ಲಿ ಯಾವುದೂ ಇನ್ನೊಂದರಲ್ಲಿ ಕ್ಲೇಮು ಮಾಡಿದ್ದನ್ನು ಒಳಗೊಳ್ಳದಂತೆ ತಿದ್ದುಪಡಿ ಮಾಡಿಸುವ ಅಧಿಕಾರವನ್ನು 16(3) ಪೇಟೆಂಟ್ ಕಚೇರಿಯ ನಿರ್ಣಯಾಧಿಕಾರಿಯಾದ ಕಂಟ್ರೋಲರ್‌ಗೆ ಕೊಡುತ್ತದೆ. ವಿಭಜಿತ ಅರ್ಜಿ ಮೂಲ ಅರ್ಜಿಯ ದಿನಾಂಕವನ್ನೇ ಪಡೆಯುವುದರಿಂದ, ಮತ್ತು ನಮ್ಮಲ್ಲಿ ವಿಳಂಬಕ್ಕಾಗಿ ದಿನ ಸೇರಿಸುವ ಪದ್ಧತಿ ಇಲ್ಲದಿರುವುದರಿಂದ, ಎರಡೂ ಒಂದೇ ದಿನ ಮುಗಿಯುತ್ತವೆ. ಆದ್ದರಿಂದ ಭಾರತದಲ್ಲಿ ಅವಧಿ ಹಿಗ್ಗಿಸುವ ಅಪಾಯ ಇರುವುದು ವಿಭಜಿತ ಅರ್ಜಿಗಳಲ್ಲಿ ಅಲ್ಲ. ಮೇಡಂ ಅವರದ್ದರಂತೆ ಬೇರೆ ಬೇರೆ ದಿನ ಹಾಕಿದ ಸಾಮಾನ್ಯ ಮತ್ತು ನಿರ್ದಿಷ್ಟ ಜೋಡಿಗಳಲ್ಲಿ, ಲವಣ, ಸ್ಫಟಿಕ ರೂಪಗಳ ಅರ್ಜಿಗಳಲ್ಲಿ. ಕ್ಷಯರೋಗದ ಬೆಡಾಕ್ವಿಲಿನ್ ನೆನಪಿಸಿಕೊಳ್ಳಿ. ಮೂಲ ಸಂಯುಕ್ತದ ಪೇಟೆಂಟ್ 2023ರ ಜುಲೈನಲ್ಲಿ ಮುಗಿಯುವುದರಲ್ಲಿತ್ತು. ಫ್ಯೂಮರೇಟ್ ಲವಣದ ಅರ್ಜಿ ಮಂಜೂರಾಗಿದ್ದರೆ ಹಿಡಿತ 2027ರವರೆಗೆ ಮುಂದುವರಿಯುತ್ತಿತ್ತು. ಕ್ಷಯದಿಂದ ಗುಣಮುಖರಾಗಿ, ಚಿಕಿತ್ಸೆಯ ಅಡ್ಡ ಪರಿಣಾಮದಿಂದ ಶ್ರವಣಶಕ್ತಿ ಕಳೆದುಕೊಂಡಿದ್ದ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೆಜಾ ಟಿಸಿಲೆ ಅವರು ಮಂಜೂರಾತಿಗೆ ಮುನ್ನವೇ ವಿರೋಧ ಸಲ್ಲಿಸಿದ್ದರು. 2023ರ ಮಾರ್ಚ್‌ನಲ್ಲಿ ಪೇಟೆಂಟ್ ಕಚೇರಿ ಆ ಅರ್ಜಿಯನ್ನು ನಿರಾಕರಿಸಿತು. ಮಂಜೂರಾತಿಗೆ ಮುನ್ನ ಯಾರು ಬೇಕಾದರೂ ವಿರೋಧಿಸಬಹುದೆಂಬ 25(1) ನಮ್ಮ ಕಾಯಿದೆಯ ಬಹುದೊಡ್ಡ ಬಲ ಎಂದು ನಾನು ನಂಬುತ್ತೇನೆ.

ಇನ್ನೊಂದು, 13(1)(ಬಿ) ಆಕ್ಷೇಪಣೆ ಬಂದಾಗ ಏನಾಗಬಹುದೆಂಬುದನ್ನು 18(2) ಹೇಳುತ್ತದೆ. ಅರ್ಜಿದಾರರು ತಮ್ಮ ಆದ್ಯತಾ ದಿನಾಂಕ ತಡವಾದದ್ದಲ್ಲವೆಂದು ತೋರಿಸಬೇಕು, ಇಲ್ಲವೇ ವಿವರಣಾಪತ್ರವನ್ನು ತಿದ್ದಬೇಕು. ಎರಡೂ ಆಗದಿದ್ದರೆ ಹಿಂದಿನ ವಿವರಣಾಪತ್ರದ ಉಲ್ಲೇಖವನ್ನು ಸಾರ್ವಜನಿಕರ ಅರಿವಿಗಾಗಿ ಸೇರಿಸುವಂತೆ ಕಂಟ್ರೋಲರ್ ನಿರ್ದೇಶಿಸಬಹುದು. ಇದನ್ನು ಓದಿ ಸಮಾಧಾನಪಡುವ ಹಾಗಿಲ್ಲ. ಉಲ್ಲೇಖ ಸೇರಿಸಿ ಪೇಟೆಂಟ್ ಪಡೆದರೂ 64(1)(ಎ) ಅಡಿಯ ರದ್ದತಿಯ ಕತ್ತಿ ತಲೆಯ ಮೇಲೆಯೇ ಇರುತ್ತದೆ.

ಟರ್ಮಿನಲ್ ಡಿಸ್ಕ್ಲೇಮರ್ ಭಾರತದಲ್ಲಿ ಏಕಿಲ್ಲ ಎಂದು ಮೇಡಂ ಕೇಳಿದ್ದರು. ಅದಕ್ಕೆ ಹತ್ತಿರದ ಒಂದು ವ್ಯವಸ್ಥೆ 1970ರ ಕಾಯಿದೆಯಲ್ಲೇ ಇದೆ, ಸೆಕ್ಷನ್ 54ರಿಂದ 56ರವರೆಗೆ, ಪೇಟೆಂಟ್ ಆಫ್ ಅಡಿಷನ್ ಎಂಬ ಹೆಸರಿನಲ್ಲಿ. ಮುಖ್ಯ ಆವಿಷ್ಕಾರದ ಸುಧಾರಣೆಗೆ ಅಥವಾ ಮಾರ್ಪಾಡಿಗೆ ಅದೇ ಅರ್ಜಿದಾರರು ಇದನ್ನು ಕೇಳಬಹುದು. ಪ್ರತ್ಯೇಕ ನವೀಕರಣ ಶುಲ್ಕವಿಲ್ಲ. ಮುಖ್ಯ ಪೇಟೆಂಟಿನೊಂದಿಗೇ ಮುಗಿಯುತ್ತದೆ. ಪ್ರತಿಯಾಗಿ, ಮುಖ್ಯ ಆವಿಷ್ಕಾರದ ಪ್ರಕಟಣೆಯನ್ನು ಹಿಡಿದು ಇನ್ವೆಂಟಿವ್ ಸ್ಟೆಪ್ ಇಲ್ಲವೆಂಬ ಒಂದೇ ಕಾರಣಕ್ಕೆ ಅದನ್ನು ನಿರಾಕರಿಸುವಂತಿಲ್ಲ, ರದ್ದುಪಡಿಸುವಂತಿಲ್ಲ. ಹೆಚ್ಚಿನ ವರ್ಷಗಳನ್ನು ಕೇಳದವರಿಗೆ ಕಾನೂನು ಸಡಿಲ, ಕೇಳುವವರಿಗೆ ಬಿಗಿ. ಅಮೆರಿಕದ ನ್ಯಾಯಾಲಯಗಳು ತೀರ್ಪುಗಳ ಮೂಲಕ ಕಟ್ಟಿಕೊಂಡ ಸಮತೋಲನವನ್ನು ನಮ್ಮ ಸಂಸತ್ತು ಐವತ್ತು ವರ್ಷಗಳ ಹಿಂದೆಯೇ ಬರೆದಿಟ್ಟಿದೆ. ಆದರೂ ಔಷಧ ಸಂಯುಕ್ತಗಳ ಅರ್ಜಿದಾರರು ಆ ದಾರಿ ಹಿಡಿಯುವುದು ಅಪರೂಪ, ಏಕೆಂದರೆ ಎರಡನೆಯ ಅರ್ಜಿಯಿಂದ ಬಯಸುವುದು ಹೆಚ್ಚಿನ ವರ್ಷಗಳನ್ನೇ.

ನಿವೃತ್ತ ಪ್ರಾಧ್ಯಾಪಕ, ಬಸವನಗುಡಿ

ತಂಗಿ, ನೀನು ಎತ್ತಿದ ವಿಷಯ ಬಹಳ ಉಪಯುಕ್ತವಾಗಿದೆ. ಆದರೆ ಒಂದು ಸಂದೇಹ. ಸುಧಾರಣೆ ಅಥವಾ ಮಾರ್ಪಾಡು ಎನ್ನುವುದು ಯಂತ್ರಗಳಿಗೆ, ಪ್ರಕ್ರಿಯೆಗಳಿಗೆ ಒಗ್ಗುವ ಮಾತು. ಒಂದು ಸಂಯುಕ್ತ ಇನ್ನೊಂದರ ಸುಧಾರಣೆಯೋ ಅಥವಾ ಬೇರೆಯೇ ವಸ್ತುವೋ? ಮತ್ತು ಮೇಡಂ ಅವರಿಗೆ ಬಂದಿರುವ ಆಕ್ಷೇಪಣೆ ಇನ್ವೆಂಟಿವ್ ಸ್ಟೆಪ್ ಕುರಿತದ್ದಲ್ಲವಲ್ಲ?

ಕಾನೂನು ವಿದ್ಯಾರ್ಥಿನಿ, ನಾಗರಭಾವಿ

ಸರ್, ಎರಡನೆಯ ಸಂದೇಹ ಸಂಪೂರ್ಣ ಸರಿ. ಹೊಸತನವನ್ನು ನೋಡುವಾಗ ಮುಖ್ಯ ಆವಿಷ್ಕಾರದ ವಿವರಣಾಪತ್ರವನ್ನೂ ಪರಿಗಣಿಸಬೇಕೆಂದು 56(2) ಸ್ಪಷ್ಟವಾಗಿ ಹೇಳುತ್ತದೆ. ಆ ಸಂಯುಕ್ತವನ್ನು ಮೊದಲನೆಯದರಲ್ಲಿ ಆಗಲೇ ಕೇಳಲಾಗಿದೆ ಎಂದಾದರೆ ಪೇಟೆಂಟ್ ಆಫ್ ಅಡಿಷನ್ ಕೂಡ ಕಾಪಾಡುವುದಿಲ್ಲ. ಮೊದಲನೆಯ ಸಂದೇಹಕ್ಕೆ ನನ್ನ ಉತ್ತರ ಇಷ್ಟೇ: ಮುಖ್ಯ ವಿವರಣಾಪತ್ರದಲ್ಲಿ ವಿವರಿಸಿದ ಆವಿಷ್ಕಾರದ ಮಾರ್ಪಾಡು ಎಂದಷ್ಟೇ ಸೆಕ್ಷನ್ ಹೇಳುತ್ತದೆ, ರಾಸಾಯನಿಕ ವಸ್ತುಗಳನ್ನು ಹೊರಗಿಟ್ಟಿಲ್ಲ. ಮೂಲ ಚೌಕಟ್ಟನ್ನು ಉಳಿಸಿಕೊಂಡು ಎರಡು ಸ್ಥಾನಗಳನ್ನು ಬದಲಿಸಿದ್ದು ಮಾರ್ಪಾಡಲ್ಲದೆ ಮತ್ತೇನು?

ಅಮೆರಿಕದ ಅರ್ಜಿಗಳ ಕೆಲಸ ಮಾಡುವವನು, ವೈಟ್‌ಫೀಲ್ಡ್

ವಿದ್ಯಾರ್ಥಿನಿಯವರ ಬರಹ ಓದಿ ಸಂತೋಷವಾಯಿತು. ಯೂರೋಪಿನ ಸ್ಥಿತಿಯನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ: 2021ರ ಜೂನ್‌ನಲ್ಲಿ ಯೂರೋಪಿಯನ್ ಪೇಟೆಂಟ್ ಕಚೇರಿಯ ವಿಸ್ತೃತ ಮೇಲ್ಮನವಿ ಮಂಡಳಿ ಜಿ 4/19 ನಿರ್ಣಯದಲ್ಲಿ, ಒಂದೇ ಅರ್ಜಿದಾರರು ಒಂದೇ ವಿಷಯಕ್ಕೆ ಕೇಳುವ ಎರಡನೆಯ ಪೇಟೆಂಟನ್ನು ನಿರಾಕರಿಸಬಹುದೆಂದು ಒಪ್ಪಿತು. ಅಲ್ಲಿ ಒಂದೇ ವಿಷಯ ಎಂಬುದು ಮುಖ್ಯ. ಸಹಜ ರೂಪಾಂತರಗಳವರೆಗೆ ಅದು ಚಾಚುವುದಿಲ್ಲ.

ಮೇಡಂ, ಅಮೆರಿಕದಲ್ಲಿ ಪತ್ರಕ್ಕೆ ಸಹಿ ಮಾಡುವ ಮುನ್ನ ಒಂದು ಎಚ್ಚರಿಕೆ. ಟರ್ಮಿನಲ್ ಡಿಸ್ಕ್ಲೇಮರ್ ಸಲ್ಲಿಸುವುದನ್ನು ಎರಡನೆಯ ಕ್ಲೇಮು ಸಹಜ ರೂಪಾಂತರವೆಂಬ ತಪ್ಪೊಪ್ಪಿಗೆಯೆಂದು ಅಲ್ಲಿಯ ನ್ಯಾಯಾಲಯಗಳು ಎಣಿಸುವುದಿಲ್ಲ. ಆದರೆ ಭಾರತದ ದಾವೆಗಳಲ್ಲಿ ವಿದೇಶದ ದಾಖಲೆಗಳನ್ನೂ ಪೇಟೆಂಟಿನ ಬಳಕೆಯ ಬಗ್ಗೆ ಸಲ್ಲಿಸುವ ಫಾರ್ಮ್ 27ನ್ನೂ ಎದುರಾಳಿಗಳು ಅರ್ಜಿದಾರರ ಸ್ವಂತ ಒಪ್ಪಿಗೆಯೆಂದು ಮುಂದಿಡುತ್ತಾರೆ. ಎರಡೂ ದೇಶಗಳ ಉತ್ತರಗಳನ್ನು ಒಂದೇ ಮೇಜಿನ ಮೇಲಿಟ್ಟು ಬರೆಯಬೇಕು. ಅಲ್ಲಿ ತಕರಾರಿಲ್ಲದೆ ಸಹಿ ಹಾಕಿ, ಇಲ್ಲಿ ಈ ಸಂಯುಕ್ತ ಸಂಪೂರ್ಣ ಬೇರೆ ಎಂದು ವಾದಿಸಿದರೆ, ಆ ಎರಡು ಕಾಗದಗಳನ್ನು ಅಕ್ಕಪಕ್ಕ ಇಡುವವರು ಒಂದು ದಿನ ಬಂದೇ ಬರುತ್ತಾರೆ. ನಿಮ್ಮ ಹೋಲಿಕೆಯ ಅಂಕಿ ಅಂಶಗಳು ನಿಜವಾಗಿಯೂ ಗಟ್ಟಿಯಾಗಿದ್ದರೆ, ಅಮೆರಿಕದಲ್ಲೂ ಸಹಿ ಮಾಡದೆ ವಾದಿಸಬಹುದು. ಅಲ್ಲಿ ಕ್ಲೇಮನ್ನು ಕ್ಲೇಮಿನೊಂದಿಗೆ ಹೋಲಿಸುತ್ತಾರೆ. ಮೊದಲ ವಿವರಣಾಪತ್ರದ ಒಡಲನ್ನು ಪೂರ್ವಜ್ಞಾನವಾಗಿ ಬಳಸುವಂತಿಲ್ಲ, ಕ್ಲೇಮಿನ ಅರ್ಥ ತಿಳಿಯಲು ಮಾತ್ರ ನೋಡಬಹುದು. ಅದು ನಿಮಗೆ ಅನುಕೂಲ.

ಪೇಟೆಂಟ್ ಏಜೆಂಟ್, ಮಲ್ಲೇಶ್ವರ

ಈಗ ಉತ್ತರದ ವಿಷಯ. ಮೇಡಂ, ನಿಮ್ಮೆದುರು ಎರಡು ದಾರಿಗಳಿವೆ, ಎರಡಕ್ಕೂ ಬೆಲೆ ಇದೆ.

ಒಂದು, ಮೊದಲ ಕ್ಲೇಮು ಈ ಸಂಯುಕ್ತವನ್ನು ಒಳಗೊಂಡಿದ್ದರೂ ಕೇಳಿಲ್ಲವೆಂದು ವಾದಿಸುವುದು. ಎರಡು ಬದಲಾವಣೆಗಳ ದೂರ, ದೀರ್ಘ ಪಟ್ಟಿಯಲ್ಲಿ ಒಮ್ಮೆ ಬಂದ ಉಂಗುರ, ಯಾವ ಉದಾಹರಣೆಯೂ ಇಲ್ಲದಿರುವುದು, ಇವು ನಿಮ್ಮ ಪರ. ಎಲ್ಟ್ರೊಂಬೊಪ್ಯಾಗ್ ಆದೇಶವನ್ನು ಆಧಾರವಾಗಿಡಬಹುದು. ಈ ದಾರಿ ಹಿಡಿದರೆ ಮುಂದೆಂದೂ ಮೊದಲ ಪೇಟೆಂಟನ್ನು ಈ ಸಂಯುಕ್ತಕ್ಕಾಗಿ ಜಾರಿಗೊಳಿಸಲು ಹೋಗಬಾರದು. ಫಾರ್ಮ್ 27ರಲ್ಲೂ ಈ ಔಷಧವನ್ನು ಮೊದಲ ಪೇಟೆಂಟಿನ ಲೆಕ್ಕಕ್ಕೆ ಬರೆಯಬಾರದು. ಬರೆದ ದಿನವೇ ಅಸ್ಟ್ರಾಜೆನೆಕಾ ನಿಂತ ಜಾಗದಲ್ಲಿ ನೀವೂ ನಿಲ್ಲುತ್ತೀರಿ.

ಇನ್ನೊಂದು, ಮೊದಲ ಪೇಟೆಂಟಿನ ಕ್ಲೇಮನ್ನೇ ತಿದ್ದಿ ಈ ಸಂಯುಕ್ತವನ್ನು ಅದರಿಂದ ಹೊರಗಿಡುವುದು. ಸೆಕ್ಷನ್ 57 ಮತ್ತು 59ರ ಅಡಿಯಲ್ಲಿ, ಫಾರ್ಮ್ 13 ಮೂಲಕ, ಡಿಸ್ಕ್ಲೇಮರ್ (ಕ್ಲೇಮಿನ ಒಂದು ಭಾಗವನ್ನು ಬಿಟ್ಟುಕೊಡುವ) ರೂಪದ ತಿದ್ದುಪಡಿಗೆ ಅವಕಾಶವಿದೆ. ಆಗ ಎರಡು ಹಕ್ಕುಗಳು ಒಂದರ ಮೇಲೊಂದು ಬೀಳುವುದಿಲ್ಲ. ಆದರೆ ಮೊದಲ ಪೇಟೆಂಟಿನ ಆಸರೆ ತಪ್ಪಿಹೋಗುತ್ತದೆ. ಎರಡನೆಯದು ತನ್ನ ಕಾಲ ಮೇಲೆಯೇ ನಿಲ್ಲಬೇಕು. ಎರಡನೆಯದನ್ನು ಯಾರಾದರೂ ಕೆಡವಿದರೆ ನಿಮ್ಮ ಔಷಧಕ್ಕೆ ಯಾವ ಪೇಟೆಂಟೂ ಉಳಿಯದು. ನನ್ನ ಅಭಿಪ್ರಾಯದಲ್ಲಿ ಇದು ಹೆಚ್ಚು ಪ್ರಾಮಾಣಿಕ ದಾರಿ. ಸಂಯುಕ್ತ ನಿಜಕ್ಕೂ ಬೇರೆಯದೇ ಆಗಿದ್ದರೆ ಅದನ್ನು ಹೊರಗೆ ತಂದು ನಿಲ್ಲಿಸಲು ಹೆದರಿಕೆ ಇರಬಾರದು.

2025ರಲ್ಲಿ ಬೆನ್ನುಮೂಳೆ ಸ್ನಾಯು ಕ್ಷೀಣತೆಯ ಔಷಧ ರಿಸ್ಡಿಪ್ಲಾಮ್ ವಿಷಯದಲ್ಲಿ ರೋಶ್‌ಗೆ ನ್ಯಾಟ್ಕೋ ವಿರುದ್ಧ ದೆಹಲಿ ಹೈಕೋರ್ಟಿನ ಎರಡೂ ಪೀಠಗಳಲ್ಲಿ ತಡೆಯಾಜ್ಞೆ ಸಿಗಲಿಲ್ಲ. ಸುಪ್ರೀಂ ಕೋರ್ಟ್ ಕೂಡ ಮಧ್ಯೆ ಬರಲಿಲ್ಲ. ಅಲ್ಲಿಯೂ ಹಿಂದಿನ ಸಾಮಾನ್ಯ ಸೂತ್ರವೇ ಎದುರಾಗಿತ್ತು. ಮಂಜೂರಾದ ಪೇಟೆಂಟ್ ಕೈಯಲ್ಲಿದ್ದರೂ ವರ್ಷಗಳ ನಂತರ ಇಂಥ ಪರೀಕ್ಷೆ ಎದುರಿಸಬೇಕಾಗುತ್ತದೆ ಎಂಬುದನ್ನು ಗಮನದಲ್ಲಿಟ್ಟು ಈಗಲೇ ಉತ್ತರ ಬರೆಯಿರಿ.

ರಸಾಯನಶಾಸ್ತ್ರಜ್ಞೆ, ಯಲಹಂಕ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಪ್ರಯೋಗಾಲಯದಲ್ಲಿ ನಾವು ಸೂತ್ರವನ್ನು ಎಷ್ಟು ವಿಶಾಲವಾಗಿ ಬರೆದರೆ ಅಷ್ಟು ಒಳ್ಳೆಯದೆಂದು ತಿಳಿಯುತ್ತೇವೆ. ಆ ವಿಶಾಲತೆಯೇ ನಂತರದ ಸಂಯುಕ್ತಕ್ಕೆ ಏನು ಮಾಡುತ್ತದೆ ಎಂಬುದು ಇಲ್ಲಿ ನನಗೆ ಸ್ಪಷ್ಟವಾಯಿತು. ಎರಡು ಅರ್ಜಿಗಳ ನಡುವಿನ ಹದಿನಾಲ್ಕು ತಿಂಗಳನ್ನು ಬಿಟ್ಟುಕೊಡಲು ಕಂಪನಿ ಸಿದ್ಧವಿದೆಯೇ ಎಂದು ಮೊದಲು ಆಡಳಿತ ಮಂಡಳಿಯನ್ನು ಕೇಳುತ್ತೇನೆ. ಸಿದ್ಧವಿದ್ದರೆ, ಮೊದಲ ಕ್ಲೇಮಿನಿಂದ ಸಂಯುಕ್ತವನ್ನು ಹೊರಗಿಟ್ಟು ಎರಡನೆಯದನ್ನು ಪೇಟೆಂಟ್ ಆಫ್ ಅಡಿಷನ್ ಆಗಿ ಬದಲಿಸಿಕೊಳ್ಳಲು ಕಚೇರಿ ಒಪ್ಪೀತೇ?

ಪೇಟೆಂಟ್ ಏಜೆಂಟ್, ಮಲ್ಲೇಶ್ವರ

ಕೇಳಿ ನೋಡುವುದರಲ್ಲಿ ತಪ್ಪಿಲ್ಲ ಮೇಡಂ. ಸ್ವತಂತ್ರವಾಗಿ ಮಂಜೂರಾದ ಪೇಟೆಂಟನ್ನು ಸಹ, ಅರ್ಜಿದಾರರ ಕೋರಿಕೆಯ ಮೇಲೆ ರದ್ದುಪಡಿಸಿ ಪೇಟೆಂಟ್ ಆಫ್ ಅಡಿಷನ್ ಆಗಿ ಕೊಡಲು 54(2) ಅವಕಾಶ ಕೊಟ್ಟಿದೆ. ಉತ್ತರದಲ್ಲಿಯೇ ವಿಚಾರಣೆಗೂ ಕೋರಿಕೆ ಸಲ್ಲಿಸಿ. ವೀಡಿಯೊ ಮೂಲಕವೇ ನಡೆಯುವುದರಿಂದ ಚೆನ್ನೈಗೆ ಹೋಗಬೇಕಾಗಿಲ್ಲ. ವರದಿಯ ದಿನದಿಂದ ಆರು ತಿಂಗಳೊಳಗೆ ಉತ್ತರ ಸಲ್ಲಬೇಕು; ಆ ಅವಧಿ ಮುಗಿಯುವ ಮುನ್ನ ಅವಧಿ ವಿಸ್ತರಣೆ ಕೋರುವ ಫಾರ್ಮ್ 4 ಹಾಕಿದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ನಿರಾಕರಣೆ ಬಂದರೆ ಮೇಲ್ಮನವಿ ಮದ್ರಾಸ್ ಹೈಕೋರ್ಟಿಗೆ, ಮೂರು ತಿಂಗಳೊಳಗೆ. ಇಲಿಗಳ ಹೋಲಿಕೆಯ ಕೋಷ್ಟಕದಲ್ಲಿ ಹತ್ತಿರದ ಉದಾಹರಣೆಯ ಸಂಖ್ಯೆಯನ್ನು ಮೊದಲ ಅರ್ಜಿಯಲ್ಲಿರುವಂತೆಯೇ ನಮೂದಿಸಲು ಮರೆಯಬೇಡಿ. ವಿಚಾರಣೆಯಲ್ಲಿ ಮೊದಲು ಕೇಳುವುದು ಅದನ್ನೇ.